ನಾಲ್ಕಕ್ಕೆ ಎರಡು

ಹೋದ ಮಳೆಗಾಲದಲ್ಲಿ ಊರಿಗೆ ಹೋಗಿದ್ದಾಗ ತಂಗಿಯ ಮಗ ನೋಟ್‌ಬುಕ್ಕು ಹಿಡಿದುಕೊಂಡು ಬಂದ. ಹೈಸ್ಕೂಲಿನ ಹುಡುಗ. ಶಾಲೆಯ ಕಾರ್ಯಕ್ರಮದಲ್ಲಿ ಅವನು ಶಿಶುನಾಳ ಶರೀಫರ ಒಂದು ತತ್ವಪದ ಹಾಡಬೇಕಿತ್ತು. ಸೋರುವ ಮಾಳಿಗೆಯ ಬಗ್ಗೆ ಶರೀಫರು ಕಟ್ಟಿದ, ಸಿ. ಅಶ್ವತ್ಥರ ಕಂಠದಲ್ಲಿ ಕರ್ನಾಟಕವೆಲ್ಲ ಕೇಳಿರುವ ಆ ಪದ. ಹಾಡುವ ಮುಂಚೆ ಅದರ ಅರ್ಥವನ್ನು ನಾಲ್ಕು ವಾಕ್ಯದಲ್ಲಿ ಹೇಳಬೇಕೆಂದು ಟೀಚರ್ ಅಪ್ಪಣೆ ಮಾಡಿದ್ದರಂತೆ. “ಮಾಮೂ, ನೀವು ಕಥೆ ಬರೀತೀರಲ್ಲ, ಇದರ ಅರ್ಥ ಹೇಳಿ” ಎಂದ.

ನಾನು ಯೋಚಿಸಲೂ ಇಲ್ಲ. “ಮನೆ ಅಂದರೆ ದೇಹ. ಅದು ಸೋರುತ್ತಿರುವುದು ಅಜ್ಞಾನದಿಂದ. ಬರಕೋ” ಎಂದೆ. ಅವನು ಬರೆದುಕೊಂಡು ಓಡಿಹೋದ. ಅವನು ಬಾಗಿಲು ದಾಟಿದ ಮೇಲೆ ನನಗೆ ನಾಚಿಕೆಯಾಯಿತು. ಮೂವತ್ತು ವರ್ಷದ ಹಿಂದೆ ನನ್ನನ್ನು ನೋಯಿಸಿದ್ದ ಮಾತನ್ನೇ, ಅದೇ ಅವಸರದಲ್ಲಿ, ನಾನು ಆ ಹುಡುಗನ ಕೈಗಿಟ್ಟಿದ್ದೆ.

ನಮ್ಮ ಊರು ತ್ಯಾವಣಿಗೆ. ನಾನು ಹೈಸ್ಕೂಲು ಸೇರಿದ್ದು 1993ರಲ್ಲಿ. ಆಗ ಚನ್ನಗಿರಿ ತಾಲ್ಲೂಕು ಶಿವಮೊಗ್ಗ ಜಿಲ್ಲೆಯಲ್ಲಿತ್ತು. 1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ನಾವು ಇತ್ತ ಬಂದೆವು. ಭದ್ರಾ ನಾಲೆಯ ಸೀಮೆ ನಮ್ಮದು. ನಾಲೆಗೆ ನೀರು ಬಿಟ್ಟರೆ ಗದ್ದೆಯಲ್ಲಿ ನಾಟಿಯ ಗದ್ದಲ. ನಿಲ್ಲಿಸಿದರೆ ಊರಿನ ಮಾತೆಲ್ಲ ಲಕ್ಕವಳ್ಳಿಯ ಅಣೆಕಟ್ಟಿನಲ್ಲಿ ಎಷ್ಟು ಅಡಿ ನೀರಿದೆ ಎಂಬುದರ ಸುತ್ತ. ಅಬ್ಬಾ ಅಕ್ಕಿ ಗಿರಣಿಯಲ್ಲಿ ಚೀಲ ಹೊರುತ್ತಿದ್ದರು. ನಮ್ಮದು ನಾಡಹೆಂಚಿನ ಮನೆ.

ಏಳನೆಯ ತರಗತಿಯವರೆಗೆ ನಾನು ಓದಿದ್ದು ಉರ್ದು ಶಾಲೆಯಲ್ಲಿ. ಎಂಟಕ್ಕೆ ಕನ್ನಡ ಮಾಧ್ಯಮ. ಮನೆಯ ದಖ್ನಿಯಲ್ಲಿ ‘ಳ’ಕಾರವಿಲ್ಲ. ‘ಮಾಳಿಗೆ’ ನನ್ನ ಬಾಯಲ್ಲಿ ‘ಮಾಲಿಗೆ’ ಆಗುತ್ತಿತ್ತು, ಹುಡುಗರು ನಗುತ್ತಿದ್ದರು. ಆದರೆ ಪದ್ಯವೆಂದರೆ ನನಗೆ ಭಯವಿರಲಿಲ್ಲ. ಉರ್ದು ಶಾಲೆಯಲ್ಲಿ ಶೇರ್‌ಗಳಿಗೆ ತಶ್ರೀಹ್ ಬರೆದು ಅಭ್ಯಾಸವಾಗಿತ್ತು. ಪ್ರೇಮದ ಶೇರ್ ಬಂದರೆ ಉಸ್ತಾದರು ಎರಡು ಅರ್ಥ ಹೇಳುತ್ತಿದ್ದರು: ಒಂದು ಮಜಾಜಿ, ಅಂದರೆ ಮನುಷ್ಯರ ನಡುವಿನ ಪ್ರೀತಿ, ಇನ್ನೊಂದು ಹಕೀಕಿ, ಅಂದರೆ ದೇವರ ಮೇಲಿನ ಪ್ರೀತಿ. ಎರಡೂ ಸರಿ. ಹಾಗೆಂದು ನಾವೇನೂ ಸ್ವತಂತ್ರ ಚಿಂತಕರಾಗಿರಲಿಲ್ಲ. ಎರಡನ್ನೂ ಅವರೇ ಹೇಳಿ ಬರೆಸುತ್ತಿದ್ದರು, ನಾವು ಎರಡನ್ನೂ ಬಾಯಿಪಾಠ ಮಾಡುತ್ತಿದ್ದೆವು. ಆದರೂ ಒಂದು ಮಾತಿನೊಳಗೆ ಎರಡು ಅರ್ಥ ಜಗಳವಾಡದೆ ಕೂತಿರಬಹುದು ಎಂಬುದು ಚಿಕ್ಕಂದಿನಲ್ಲೇ ತಲೆಯಲ್ಲಿ ಉಳಿದಿತ್ತು.

ಒಂಬತ್ತನೆಯ ತರಗತಿಯಲ್ಲಿದ್ದಾಗ ಕನ್ನಡ ಮೇಷ್ಟ್ರು ನಮ್ಮನ್ನು ಸಂತೆಬೆನ್ನೂರಿನ ಪುಷ್ಕರಣಿಗೆ ಕರೆದುಕೊಂಡು ಹೋದರು. ಪಾಳೆಯಗಾರರ ಕಾಲದ ಚೌಕಾಕಾರದ ದೊಡ್ಡ ಹೊಂಡ ಅದು. ನೀರಿನ ನಡುವೆ ವಸಂತ ಮಂಟಪ, ದಡದಲ್ಲಿ ಬಿಜಾಪುರದ ಆದಿಲ್‌ಶಾಹಿ ಕಾಲದ ಮುಸಾಫಿರ್‌ಖಾನೆ. ಬುತ್ತಿ ಉಂಡ ಮೇಲೆ ಮೆಟ್ಟಿಲ ಮೇಲೆ ನಮ್ಮನ್ನೆಲ್ಲ ಕೂರಿಸಿ ಮೇಷ್ಟ್ರು ಶರೀಫರ ಆ ಪದ ಹಾಡಿದರು. ಟಿ.ಎಸ್. ನಾಗಾಭರಣರ ಶರೀಫರ ಚಿತ್ರ 1990ರಲ್ಲಿ ಬಂದಿತ್ತು. ಶರೀಫರ ಪದಗಳನ್ನು ಟೀ ಅಂಗಡಿಗಳ ಟೇಪ್‌ರೆಕಾರ್ಡರಿನಲ್ಲಿ ನಾವೆಲ್ಲ ಕೇಳಿದ್ದೆವು. ಆದರೆ ಎದುರಿಗೆ ಕೂತು ಒಬ್ಬ ಮನುಷ್ಯ ಹಾಡಿದ್ದನ್ನು ಕೇಳಿದ್ದು ಅದೇ ಮೊದಲು.

ಹಾಡಿದ ಮೇಲೆ ಅವರು ಶರೀಫರ ಬಗ್ಗೆ ಹೇಳಿದರು. 1819ರಲ್ಲಿ ಶಿಶುನಾಳದಲ್ಲಿ ಹುಟ್ಟಿದ್ದು, ಕೆಲವು ಕಾಲ ಶಾಲಾ ಮಾಸ್ತರರಾಗಿದ್ದದ್ದು, ಕಳಸದ ಗೋವಿಂದ ಭಟ್ಟರನ್ನು ಗುರುವಾಗಿ ಪಡೆದದ್ದು, ಮೊಹರಮ್ಮಿನ ರಿವಾಯತ್ ಪದಗಳನ್ನೂ ಕಟ್ಟಿದ್ದು. ಮಾಳಿಗೆ ಎಂದರೇನು ಎಂಬುದನ್ನೂ ಬಿಡಿಸಿ ಹೇಳಿದರು. ಆ ಸೀಮೆಯ ಮಾಳಿಗೆಯೆಂದರೆ ತೊಲೆ ಜಂತೆಗಳ ಮೇಲೆ ಮಣ್ಣು ಹೊದಿಸಿದ ಚಪ್ಪಟೆ ಸೂರು. ಮಳೆಗಾಲಕ್ಕೆ ಮುಂಚೆ ಮೇಲೆ ಹತ್ತಿ, ಹೊಸ ಮಣ್ಣು ಹಾಕಿ, ಬಡಿದು ಗಟ್ಟಿ ಮಾಡಬೇಕು. ಒಂದು ವರ್ಷ ಉದಾಸೀನ ಮಾಡಿದರೆ ಸೋರುತ್ತದೆ. ಅವತ್ತು ನನಗೆ ಶರೀಫರು ನಮ್ಮ ಪಕ್ಕದ ಮನೆಯವರಂತೆ ಕಂಡರು.

ಮುಂದಿನ ವಾರ ಕಿರುಪರೀಕ್ಷೆ. ಒಂದು ಪ್ರಶ್ನೆ ಆ ಪದದ ಭಾವಾರ್ಥ ಬರೆಯಿರಿ ಎಂದು. 4 ಅಂಕ. ನಾನು ಒಂದೂವರೆ ಪುಟ ಬರೆದೆ.

ಬರೆದದ್ದು ನಮ್ಮ ಮನೆಯ ಕತೆ. ಆಷಾಢದ ಮಳೆಯಲ್ಲಿ ನಮ್ಮ ಮನೆ ನಾಲ್ಕೈದು ಕಡೆ ಸೋರುತ್ತಿತ್ತು. ಅಮ್ಮಿ ತಪ್ಪಲೆ, ಬೋಗುಣಿ, ಬಕೆಟ್ಟು ಒಂದೊಂದನ್ನೂ ಹನಿ ಬೀಳುವ ಕಡೆ ಇಟ್ಟು, ನಮ್ಮನ್ನು ಒಣಗಿದ ಮೂಲೆಗೆ ಎಳೆದು ಮಲಗಿಸುತ್ತಿದ್ದಳು. ಒಮ್ಮೆ ಮಳೆ ಬಿಟ್ಟ ಮೇಲೆ ಅಬ್ಬಾ ಏಣಿ ಹಾಕಿ ಹತ್ತಿ, ಹನಿ ಬೀಳುತ್ತಿದ್ದ ಜಾಗಕ್ಕೆ ಸರಿಯಾಗಿ ಮೇಲಿನ ಹೆಂಚು ತೆಗೆದು ಹೊಸ ಹೆಂಚು ಇಟ್ಟರು. ಆ ರಾತ್ರಿ ಮತ್ತೆ ಅಲ್ಲೇ ಹನಿ ಬಿತ್ತು. ಆಮೇಲೆ ನೋಡಿದರೆ ಒಡೆದ ಹೆಂಚು ಎರಡು ಮಾರು ಮೇಲಿತ್ತು. ನೀರು ಅಲ್ಲಿ ಒಳಗೆ ಇಳಿದು, ರೀಪಿನ ಗುಂಟ ಹರಿದು ಬಂದು, ಇಲ್ಲಿ ಬೀಳುತ್ತಿತ್ತು. ‘ನೀರು ಬೀಳುವ ಜಾಗ ಒಂದು, ತೂತು ಇರುವ ಜಾಗ ಇನ್ನೊಂದು. ಕೆಳಗೆ ಕೂತವರಿಗೆ ಅದು ಗೊತ್ತಾಗುವುದಿಲ್ಲ. ಶರೀಫರು ಇದನ್ನೇ ಹೇಳಿದ್ದಾರೆ’ ಎಂದು ನನ್ನ ಉತ್ತರ ಮುಗಿಸಿದ್ದೆ.

ಉತ್ತರ ಪತ್ರಿಕೆ ವಾಪಸು ಬಂದಾಗ ನಾಲ್ಕಕ್ಕೆ ಎರಡು. ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ‘ಅಂತರಾರ್ಥ ಇಲ್ಲ’ ಎಂದು ಬರೆದಿತ್ತು. ಪಕ್ಕದ ಬೆಂಚಿನವನು ಗೈಡಿನ ಧಾಟಿಯಲ್ಲಿ ಮೂರೇ ಸಾಲು ಬರೆದು ನಾಲ್ಕಕ್ಕೆ ನಾಲ್ಕು ತೆಗೆದಿದ್ದ. ನಾನು ಧೈರ್ಯ ಮಾಡಿ ಸ್ಟಾಫ್‌ರೂಮಿನ ಬಾಗಿಲಿಗೆ ಹೋದೆ.

“ಸಾರ್, ನಾನು ಬರೆದಿದ್ದು ಸುಳ್ಳಲ್ಲ ಸಾರ್.”

“ಸುಳ್ಳು ಅಂತ ಯಾರಂದ್ರು? ಚೆನ್ನಾಗೇ ಬರ್ದಿದ್ದೀಯ. ಆದ್ರೆ ಪಬ್ಲಿಕ್ ಪರೀಕ್ಷೆ ಪೇಪರ್ ನೋಡೋರು ನಿಮ್ಮ ಮನೇಗೆ ಬಂದಿರಲ್ಲಪ್ಪ. ಮನೆ ಅಂದ್ರೆ ದೇಹ, ಅಷ್ಟು ಬರಿ. ಅವ್ರಿಗೆ ಅದು ಸಾಕು.”

ಅವರು ಕೆಟ್ಟವರಲ್ಲ. ನನ್ನ ಹಿತಕ್ಕೇ ಹೇಳಿದರು, ಅವರ ಮಾತು ಉಪಯೋಗಕ್ಕೂ ಬಂತು. ಅಲ್ಲಿಂದ ಮುಂದೆ ನಾನು ಎಲ್ಲ ಪದ್ಯಕ್ಕೂ ಅದೇ ರೀತಿ ಬರೆದೆ. ಹೊಳೆ ಎಂದರೆ ಕಾಲ, ಹಕ್ಕಿ ಎಂದರೆ ಜೀವ, ದೀಪ ಎಂದರೆ ಜ್ಞಾನ. ಯಾವುದನ್ನೂ ನಾನು ಕಂಡಿರಲಿಲ್ಲ. ಎಸ್ಸೆಸ್ಸೆಲ್ಸಿಯಲ್ಲಿ 125 ಅಂಕದ ಪ್ರಥಮ ಭಾಷೆಯಲ್ಲಿ ಒಳ್ಳೆಯ ಅಂಕಗಳೇ ಬಂದವು. ಮನೆಯಲ್ಲಿ ಎಲ್ಲರಿಗೂ ಖುಷಿ. ನನಗೆ ಮಾತ್ರ, ಯಾರದೋ ಅಂಗಿ ತೊಟ್ಟು ಈದ್‌ಗೆ ಹೋದ ಹಾಗಿತ್ತು.

ಈ ಪ್ರಸಂಗವನ್ನು ನಾನು ಗೆಳೆಯರ ಮುಂದೆ ಬಹಳ ಸಲ ಹೇಳಿದ್ದೇನೆ. ಕೇಳಿದವರೆಲ್ಲ ನಮ್ಮ ಶಿಕ್ಷಣ ಪದ್ಧತಿಯನ್ನು ಬೈದು ನನ್ನ ಬೆನ್ನು ತಟ್ಟಿದ್ದಾರೆ. ನಾನೂ ತಟ್ಟಿಸಿಕೊಂಡಿದ್ದೇನೆ. ಆದರೆ ಇದು ಅಂಕದ ಪ್ರಶ್ನೆಯಲ್ಲ, ಪ್ರಾಮಾಣಿಕತೆಯ ಪ್ರಶ್ನೆ ಎಂದು ಈಗ ಅನ್ನಿಸುತ್ತದೆ. ಒಂದು ಪದ್ಯದ ಅರ್ಥ ಹೇಳುವುದೆಂದರೆ ಗವಾಹಿ ಹೇಳಿದಂತೆ. ಸಾಕ್ಷಿಕಟ್ಟೆಯಲ್ಲಿ ನಿಂತವನನ್ನು ಏನು ಕಂಡೆ ಎಂದು ಕೇಳುತ್ತಾರೆ. ಬೇರೆಯವರು ಕಂಡದ್ದನ್ನು ತಾನೇ ಕಂಡೆನೆಂದರೆ ಅದು ಸುಳ್ಳುಸಾಕ್ಷಿ. ಆ ಮಾತು ನಿಜವೇ ಆಗಿದ್ದರೂ ಇವನ ಸಾಕ್ಷಿ ಸುಳ್ಳೇ. ನಮ್ಮ ಧರ್ಮದಲ್ಲಿ ಸುಳ್ಳುಸಾಕ್ಷಿಯನ್ನು ಮಹಾಪಾಪಗಳ ಸಾಲಿಗೆ ಸೇರಿಸಿದ್ದಾರೆ. ಹದಿನಾಲ್ಕು ಹದಿನೈದು ವಯಸ್ಸಿನ ಮಕ್ಕಳಿಗೆ, ಅದೂ ಕಾವ್ಯದ ಹೆಸರಿನಲ್ಲಿ, ನಾವು ಇದನ್ನು ಅಭ್ಯಾಸ ಮಾಡಿಸುತ್ತೇವೆ. ಕಾಣದ್ದನ್ನು ಕಂಡೆನೆಂದು ಬರೆದು ಅಂಕ ತೆಗೆದುಕೊಳ್ಳುವುದು ರೂಢಿಯಾದವನಿಗೆ ಮುಂದೆ ಕಂಡದ್ದನ್ನು ಕಾಣಲಿಲ್ಲ ಎಂದು ಹೇಳುವುದೂ ಕಷ್ಟವಾಗಲಾರದು.

ಹಾಗಾದರೆ ಯಾರು ಏನು ಬೇಕಾದರೂ ಅರ್ಥ ಹೇಳಬಹುದೇ? ನನಗೆ ಹೀಗೆ ಅನ್ನಿಸಿತು ಎಂದರೆ ಮುಗಿಯಿತೇ? ಇಲ್ಲಿ ನನ್ನ ತಪ್ಪನ್ನೂ ಹೇಳಬೇಕು. ಎಷ್ಟೋ ವರ್ಷದ ಮೇಲೆ ಆ ಪದವನ್ನು ಪುಸ್ತಕದಲ್ಲಿ ನಿಧಾನವಾಗಿ ಓದಿದೆ. ಮಾಳಿಗೆ ಸೋರುವುದು ಅಜ್ಞಾನದಿಂದ ಎಂದು ಶರೀಫರೇ ಪದದ ಆರಂಭದಲ್ಲಿ ಬಾಯಿಬಿಟ್ಟು ಹೇಳಿದ್ದಾರೆ. ಅದು ಗೈಡಿನವರು ತಂದು ಅಂಟಿಸಿದ ಮಾತಲ್ಲ. ಮೇಷ್ಟ್ರು ಪುಷ್ಕರಣಿಯ ಮೆಟ್ಟಿಲ ಮೇಲೆ ಹಾಡಿದಾಗಲೂ ಅದನ್ನು ಹಾಡಿದ್ದರು. ನಾನು ಕೇಳಿಸಿಕೊಂಡಿರಲಿಲ್ಲ. ನನಗೆ ಬೇಕಾಗಿದ್ದು ಸೋರುವ ಮನೆ. ಅದು ಸಿಕ್ಕಿದ ಮೇಲೆ ಉಳಿದ ಮಾತನ್ನು ನುಂಗಿಬಿಟ್ಟಿದ್ದೆ. ಮೇಷ್ಟ್ರು ಕತ್ತರಿಸಿದ ಎರಡು ಅಂಕದಲ್ಲಿ ಒಂದಾದರೂ ನ್ಯಾಯವಾದದ್ದೇ. ಗೈಡಿನವರು ಮನೆಯನ್ನು ಮುಚ್ಚಿಟ್ಟು ಅಜ್ಞಾನವನ್ನು ಹೇಳಿದರು. ನಾನು ಅಜ್ಞಾನವನ್ನು ಮುಚ್ಚಿಟ್ಟು ಮನೆಯನ್ನು ಹೇಳಿದೆ. ಕಂಡದ್ದರಲ್ಲಿ ತನಗೆ ಬೇಡವಾದದ್ದನ್ನು ಬಿಟ್ಟು ಹೇಳುವವನೂ ನಂಬುವಂಥ ಸಾಕ್ಷಿಯಲ್ಲ.

ನಮ್ಮ ಹಿರಿಯರು ಈ ತೊಡಕನ್ನು ಅರಿಯದವರೇನಲ್ಲ. ಕನ್ನಡದಲ್ಲಿ ಬೆಡಗಿನ ವಚನಗಳಿಗೆ ಟೀಕೆ ಬರೆಯುವ ದೊಡ್ಡ ಪರಂಪರೆಯೇ ಇದೆ. ಹದಿನೈದನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯ ಶೂನ್ಯಸಂಪಾದನೆಯನ್ನು ಸಂಕಲಿಸಿದ. ಅವನ ನಂತರ ಬೇರೆಯವರು ಅದನ್ನು ಮತ್ತೆ ಮತ್ತೆ ಪರಿಷ್ಕರಿಸಿದರು. ಬಿಡಿಬಿಡಿಯಾಗಿದ್ದ ವಚನಗಳನ್ನು ಅಲ್ಲಮ, ಅಕ್ಕ, ಬಸವಣ್ಣನವರ ಸಂವಾದದೊಳಗೆ ಕೂರಿಸಿದ ಗ್ರಂಥ ಅದು. ಯಾವ ಮಾತಿಗೆ ಯಾವ ಮಾತು ಉತ್ತರವಾಗಿ ಬಂದಿದೆ ಎನ್ನುವುದರ ಮೇಲೆ ವಚನದ ಬೆಳಕು ಬದಲಾಗುತ್ತದೆ. ಅಂದರೆ ಜೋಡಿಸುವುದೂ ಒಂದು ವ್ಯಾಖ್ಯಾನವೇ. ಅವರು ಒಂದು ಜೋಡಣೆಗೆ ಮುಗಿಯಿತು ಎಂದು ಕೈಕಟ್ಟಿ ಕೂರಲಿಲ್ಲ. ನಮ್ಮ ಸೀಮೆಯ ಗಮಕಿಗಳನ್ನೇ ನೋಡಿ. ಕುಮಾರವ್ಯಾಸನ ಪದ್ಯವನ್ನು ಒಬ್ಬರು ವಾಚನ ಮಾಡುತ್ತಾರೆ, ಇನ್ನೊಬ್ಬರು ವ್ಯಾಖ್ಯಾನ ಹೇಳುತ್ತಾರೆ. ಕಾವ್ಯದ ದನಿ ಯಾವುದು, ಅರ್ಥದ ದನಿ ಯಾವುದು ಎಂದು ಕೂತವರಿಗೆ ಬೇರೆಬೇರೆಯಾಗಿ ಕೇಳುತ್ತದೆ. ಅರ್ಥ ಹೇಳುವವನು ತಾನೇ ಕಾವ್ಯ ಎಂದುಕೊಳ್ಳಲು ಅಲ್ಲಿ ಅವಕಾಶವಿಲ್ಲ.

ಉರ್ದುವಿನಲ್ಲಿ ಗಾಲಿಬನಿಗೆ ಬಂದಷ್ಟು ವ್ಯಾಖ್ಯಾನಗಳು ಇನ್ನೊಬ್ಬ ಕವಿಗೆ ಬಂದಿರಲಾರವು. ಗಾಲಿಬ್ ಬದುಕಿದ್ದಾಗಲೇ ಶಿಷ್ಯರು ಅರ್ಥ ಕೇಳಿ ಕಾಗದ ಬರೆಯುತ್ತಿದ್ದರು, ಅವನು ಕೆಲವು ಶೇರ್‌ಗಳನ್ನು ತನ್ನ ಪತ್ರಗಳಲ್ಲಿ ಬಿಡಿಸಿ ಹೇಳಿದ್ದಾನೆ. ಕವಿಯೇ ಹೇಳಿದ ಮೇಲೆ ಚರ್ಚೆ ಮುಗಿಯಬೇಕಿತ್ತು. ಮುಗಿಯಲಿಲ್ಲ. 1869ರಲ್ಲಿ ಅವನು ತೀರಿಕೊಂಡ ಮೇಲೂ ಟೀಕೆಗಳು ಬರುತ್ತಲೇ ಇದ್ದವು, ನಮ್ಮ ಕಾಲದಲ್ಲಿ ಶಮ್ಸುರ್ರಹಮಾನ್ ಫಾರೂಕಿಯವರವರೆಗೆ. ಕವಿಯ ವಿವರಣೆಯನ್ನು ತಲೆಯ ಮೇಲೆ ಹೊತ್ತುಕೊಂಡೇ ಓದುಗರು ಅದರಾಚೆಗೆ ಹೋದರು. ಕವಿಯೂ ತನ್ನ ಪದ್ಯದ ಒಬ್ಬ ಸಾಕ್ಷಿ. ಮೊದಲನೆಯ ಸಾಕ್ಷಿ ಇರಬಹುದು, ಒಬ್ಬನೇ ಸಾಕ್ಷಿಯಲ್ಲ.

ನಮ್ಮ ಆಲಿಮರಲ್ಲಿ ಒಂದು ರೂಢಿಯಿದೆ. ಕಠಿಣವಾದ ಪ್ರಶ್ನೆಗೆ ಗ್ರಂಥಗಳನ್ನೆಲ್ಲ ಶೋಧಿಸಿ, ತರ್ಕ ಮಾಡಿ, ಇದು ಹೀಗೆ ಎಂದು ಬರೆದು ಕೊನೆಯಲ್ಲಿ ‘ವಲ್ಲಾಹು ಅಅಲಮ್’ ಎಂದು ಸೇರಿಸುತ್ತಾರೆ; ಅಲ್ಲಾಹನೇ ಹೆಚ್ಚು ಬಲ್ಲವನು ಎಂದು. ಚಿಕ್ಕವನಿದ್ದಾಗ ನಾನು ಅದನ್ನು ಕಾಗದದ ಕೊನೆಯಲ್ಲಿ ‘ಇಂತಿ’ ಎಂದು ಬರೆಯುವ ಹಾಗೆ ಒಂದು ಪದ್ಧತಿ ಎಂದುಕೊಂಡಿದ್ದೆ. ಈಗ ಹಾಗನ್ನಿಸುವುದಿಲ್ಲ. ತಿಳಿದಷ್ಟನ್ನು ಪೂರ್ತಿ ಹೊಣೆ ಹೊತ್ತು ಹೇಳುವುದು, ಹೇಳಿದ ಮೇಲೆ ಇನ್ನೂ ಇದೆ ಎಂದು ಒಪ್ಪಿಕೊಳ್ಳುವುದು, ಎರಡೂ ಆ ಮಾತಿನಲ್ಲಿವೆ. ಏನನ್ನೂ ಶೋಧಿಸದೆ ಬರಿದೆ ಅಷ್ಟನ್ನು ಹೇಳಿದರೆ ಅದು ಸೋಮಾರಿತನ. ಎಲ್ಲ ಹೇಳಿ ಅದನ್ನು ಬಿಟ್ಟರೆ ಅದು ಅಹಂಕಾರ.

ಇನ್ನು ಆ ‘ದೇಹ’ದ ಮಾತು. ಅದು ನನಗೆ ಎದುರಾದದ್ದು 2009ರಲ್ಲಿ. ಅಬ್ಬಾಗೆ ಎರಡು ವರ್ಷದಿಂದ ಎಡ ಭುಜ ನೋಯುತ್ತಿತ್ತು. ಜೀವಮಾನವಿಡೀ ಚೀಲ ಹೊತ್ತ ಭುಜ, ನೋಯದೆ ಇರುತ್ತದೆಯೇ ಎಂದು ಅವರೂ ಅಂದುಕೊಂಡರು, ನಾವೂ ಅಂದುಕೊಂಡೆವು. ಅಮ್ಮಿ ಎಣ್ಣೆ ಕಾಯಿಸಿ ತಿಕ್ಕುತ್ತಿದ್ದಳು. ನಾನು ಪೇಟೆಯಿಂದ ಮುಲಾಮು ತಂದುಕೊಡುತ್ತಿದ್ದೆ. ಒಂದು ದಿನ ಬೆವೆತು ಕುಸಿದು ಕೂತಾಗ ದಾವಣಗೆರೆಗೆ ಕರೆದುಕೊಂಡು ಹೋದೆವು. ತೊಂದರೆ ಭುಜದ್ದಲ್ಲ, ಹೃದಯದ್ದು ಎಂದರು ಡಾಕ್ಟರು. ಮೂರನೆಯ ದಿನ ಅಬ್ಬಾ ಹೋದರು.

ಮಣ್ಣು ಕೊಟ್ಟು ಬಂದ ರಾತ್ರಿ ಮಳೆ ಬರುತ್ತಿತ್ತು. ಹನಿಯ ಸದ್ದು ಕೇಳುತ್ತಾ ಕೂತಿದ್ದಾಗ ನನ್ನದೇ ಉತ್ತರ ನೆನಪಾಯಿತು. ನೀರು ಬೀಳುವ ಜಾಗ ಒಂದು, ತೂತು ಇರುವ ಜಾಗ ಇನ್ನೊಂದು. ಎರಡು ವರ್ಷ ನಾವು ನೀರು ಬೀಳುವ ಜಾಗಕ್ಕೆ ಎಣ್ಣೆ ತಿಕ್ಕಿದ್ದೆವು. ಮನೆ ಎಂದರೆ ದೇಹ ಎಂದು ಮೇಷ್ಟ್ರು ಹೇಳಿದ್ದು ನಿಜ, ಗೈಡಿನಲ್ಲಿದ್ದದ್ದೂ ನಿಜ. ಅದು ಅಜ್ಞಾನದಿಂದ ಸೋರುತ್ತದೆ ಎಂದು ಶರೀಫರು ಹೇಳಿದ್ದಂತೂ ನಮ್ಮ ಮನೆಯಲ್ಲೇ ನಿಜವಾಗಿತ್ತು. ಆ ಅರ್ಥದ ಕೆಳಗೆ ಅಂದು ಯಾರಾದರೂ ಸಹಿ ಕೇಳಿದ್ದರೆ ನಾನು ಹಾಕುತ್ತಿದ್ದೆ. ಹದಿನೈದು ವರ್ಷ ಮುಂಚೆಯೇ ಸಹಿ ಹಾಕಿಸಿಕೊಂಡಿದ್ದರು, ಅದಷ್ಟೇ ತಪ್ಪು.

ಇದೆಲ್ಲ ಗೊತ್ತಿದ್ದೂ ನಾನು ತಂಗಿಯ ಮಗನಿಗೆ ಎರಡೇ ವಾಕ್ಯ ಹೇಳಿ ಕಳಿಸಿದ್ದೆ. ನನಗೆ ಅಷ್ಟು ದುಬಾರಿಯಾಗಿ ಸಿಕ್ಕಿದ ಮಾತು ಅವನ ಪುಸ್ತಕದಲ್ಲಿ ಬರೀ ಉತ್ತರವಾಗಿತ್ತು. ನನ್ನನ್ನು ಕೇಳದೆ ಮೊಬೈಲನ್ನು ಕೇಳಿದ್ದರೂ ಅದನ್ನೇ ಕೊಡುತ್ತಿತ್ತು. ಮಾರನೆಯ ದಿನ ಅವನನ್ನು ಕರೆದು, ನಿನಗೆ ಆ ಪದ ಕೇಳಿದಾಗ ಏನನ್ನಿಸುತ್ತದೆ ಹೇಳು ಎಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ನಮ್ಮದು ಆರ್‌ಸಿಸಿ ಮನೆ ಮಾಮೂ. ಸೋರೋದೇ ಇಲ್ಲ” ಎಂದ. ನನಗೆ ಉತ್ತರ ತೋಚಲಿಲ್ಲ. ಅನುಭವದಿಂದ ಓದು ಎಂದು ಹೇಳುವುದು ಸುಲಭ. ಸೋರದ ಮನೆಯಲ್ಲಿ ಬೆಳೆದವನು ಏನು ಮಾಡಬೇಕು? ಅವನ ಮನೆ ಸೋರಲಿ ಎಂದು ಹಾರೈಸಲಾಗುತ್ತದೆಯೇ?

ಒಳಗಿನಿಂದ ಕೇಳಿಸಿಕೊಳ್ಳುತ್ತಿದ್ದ ಅಮ್ಮಿ ಅವನ ಕೈ ಹಿಡಿದು ಎಬ್ಬಿಸಿದಳು. ನಮ್ಮ ಮನೆಯ ಮುಂಭಾಗವೂ ಈಗ ಆರ್‌ಸಿಸಿ. ಹಿಂದಿನ ಅಡುಗೆಮನೆ ಮಾತ್ರ ಹಳೆಯ ಹೆಂಚಿನದೇ ಉಳಿದಿದೆ. ಮಳೆ ಹೊಳವಾಗಿ ಬಿಸಿಲು ಬಿದ್ದಿತ್ತು. ಅಮ್ಮಿ ಅವನನ್ನು ಅಡುಗೆಮನೆಗೆ ಕರೆದುಕೊಂಡು ಹೋಗಿ ಬಾಗಿಲು, ಕಿಟಕಿ ಎರಡೂ ಮುಚ್ಚಿದಳು. ನಾನೂ ಹಿಂದೆ ಹೋಗಿ ನಿಂತೆ. “ಮಳೆ ಬರೋವಾಗ ತೂತು ಹುಡುಕಿದರೆ ಸಿಗೋದಿಲ್ಲ ಬೇಟಾ. ಬಿಸಿಲಿರುವಾಗ ಒಳಗೆ ಕತ್ತಲು ಮಾಡಿಕೊಂಡು ಮೇಲೆ ನೋಡಬೇಕು. ಎಲ್ಲಿ ಬೆಳಕು ಬರುತ್ತೋ ಅಲ್ಲೇ ನೀರೂ ಬರೋದು” ಎಂದಳು. ಕಣ್ಣು ಹೊಂದಿಕೊಂಡ ಮೇಲೆ ಹೆಂಚಿನ ನಡುವೆ ಎರಡು ಕಡೆ ಸಾಸಿವೆ ಕಾಳಿನಷ್ಟು ಬೆಳಕು ಕಂಡಿತು.

ಹುಡುಗ ಕತ್ತು ಎತ್ತಿಕೊಂಡೇ ಕೇಳಿದ: “ಮಾಮೂ, ಹಾಡಲ್ಲೂ ಕತ್ತಲು ಬರುತ್ತಲ್ವಾ?”

ಬರುತ್ತದೆ. ಅಷ್ಟು ವರ್ಷ ನಾನು ಆ ಕತ್ತಲನ್ನು ಮೇಲೆ ಹತ್ತಲಾರದವನ ಅಸಹಾಯಕತೆ ಎಂದಷ್ಟೇ ಓದಿದ್ದೆ. ಕತ್ತಲಲ್ಲಿ ನಿಂತವನಿಗೇ ತೂತು ಕಾಣುವುದು ಎಂದು ನನಗೆ ಹೊಳೆದಿರಲಿಲ್ಲ. ಶರೀಫರು ಅದನ್ನು ಉದ್ದೇಶಿಸಿದ್ದರೋ ಇಲ್ಲವೋ, ವಲ್ಲಾಹು ಅಅಲಮ್. ಅಮ್ಮಿಗೆ ಕನ್ನಡ ಅಕ್ಷರ ಬರುವುದಿಲ್ಲ. ಆ ಪದದ ಪೂರ್ತಿ ಮಾತು ಅವಳಿಗೆ ತಿಳಿದಿತ್ತೋ ಇಲ್ಲವೋ, ಅದೂ ನನಗೆ ಗೊತ್ತಿಲ್ಲ.

ಕಾರ್ಯಕ್ರಮದ ಹೊತ್ತಿಗೆ ನಾನು ವಾಪಸು ಬಂದಿದ್ದೆ. ರಾತ್ರಿ ಫೋನು ಮಾಡಿ ಏನು ಹೇಳಿದೆ ಎಂದು ಕೇಳಿದೆ.

“ದೇಹ ಅಂತಾನೂ ಹೇಳಿದೆ. ನಾನಿ ಅಡುಗೆಮನೆ ವಿಷಯಾನೂ ಹೇಳಿದೆ.”

“ಟೀಚರ್ ಏನಂದರು?”

“ಟೈಮ್ ಜಾಸ್ತಿ ತಗೊಂಡೆ ಅಂದರು.”